ಒಂದು ಕಡಿಮೆ ಹೇಳುವ ಹಮೀದಾಕ

"ಮಕ್ಕಳೆಷ್ಟು?" ಎಂದು ಯಾರಾದರೂ ಕೇಳಿದರೆ ಹಮೀದಾಕ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಬಿಡದೆ ಕೇಳಿದವರಿಗೆ ಒಂದು ಕಡಿಮೆ ಹೇಳುತ್ತಿದ್ದರು. ಮೊದಲ ಮಗು ಜ್ವರದಲ್ಲಿ ತೀರಿಕೊಂಡಾಗ ಅವರ ತಾಯಿ ಹೇಳಿಕೊಟ್ಟ ಬುದ್ಧಿ ಅದು: ಲೆಕ್ಕ ಹೇಳಿದರೆ ಕಣ್ಣು ಬೀಳುತ್ತದೆ, ಎಲ್ಲಕ್ಕಿಂತ ಚಿಕ್ಕದನ್ನು ಬಿಟ್ಟೇ ಹೇಳಬೇಕು.

ಎಂಬತ್ತರ ದಶಕದಲ್ಲಿ ಸೌದಿಯ ಅಲ್ ಅಹ್ಸಾದ ಒಂದು ಗ್ಯಾರೇಜಿನಲ್ಲಿ ನಾವಿಬ್ಬರೂ ಇದ್ದೆವು. ಅವರು ಉಳ್ಳಾಲದ ಕಡೆಯ ಬ್ಯಾರಿ, ಹೆಡ್ ಮೆಕ್ಯಾನಿಕ್; ಹಿರಿಯರೆಂದು ಹಮೀದರನ್ನು ಎಲ್ಲರೂ ಹಮೀದಾಕ ಎನ್ನುತ್ತಿದ್ದರು. ನಾನು ಕುಂದಾಪುರದವನು, ಅಲ್ಲೇ ಸ್ಪೇರ್ ಪಾರ್ಟ್ಸ್ ನೋಡಿಕೊಳ್ಳುತ್ತಿದ್ದೆ. ಇಂಜಿನ್ನಿಗೆ ಬೈಯುತ್ತಲೇ ರಿಪೇರಿ ಮಾಡುವುದು ಅವರ ಕ್ರಮ. "ಮುದ್ದು ಮಾಡಿದ್ರೆ ಇವು ಕೆಲಸ ಮಾಡ್ಲಿಕ್ಕಿಲ್ಲ ಮಾರಾಯ" ಎನ್ನುತ್ತಿದ್ದರು. ಬೈಗುಳಕ್ಕೆ ಹೆದರಿಯೇ ಗಾಡಿಗಳು ಸ್ಟಾರ್ಟ್ ಆಗುತ್ತವೆಂದು ನನಗೂ ಒಮ್ಮೊಮ್ಮೆ ಅನಿಸುತ್ತಿತ್ತು.

ಅವರ ಕೆಲಸ ಮೆಚ್ಚಿದ ನಮ್ಮ ಯಜಮಾನ, ಅಂದರೆ ಕಫೀಲ್, ಕುಟುಂಬವನ್ನು ಕರೆಸಿಕೊಳ್ಳಲು ಒಪ್ಪಿದ. ಅರ್ಜಿ ಬರೆಯುವವನು ಮಕ್ಕಳ ಹೆಸರು ಕೇಳಿದಾಗ ಹಮೀದಾಕ ಇಬ್ಬರು ಗಂಡುಮಕ್ಕಳ ಹೆಸರು ಹೇಳಿ, ಪುಟ್ಟ ಮೈಮೂನಾಳನ್ನು ಬಿಟ್ಟರು. ತಾಯಿಯ ಪಾಸ್‌ಪೋರ್ಟಿನಲ್ಲಿ ಅವಳ ಹೆಸರೂ ಇದೆಯಲ್ಲ, ಜೊತೆಗೇ ಬಂದುಬಿಡುತ್ತಾಳೆ ಎಂದುಕೊಂಡಿದ್ದರಂತೆ. ವೀಸಾ ಬಂದದ್ದು ತಾಯಿಗೆ ಮತ್ತು ಇಬ್ಬರು ಹುಡುಗರಿಗೆ ಮಾತ್ರ. ಹುಡುಗಿಯನ್ನು ವಿಮಾನ ಹತ್ತಿಸಲು ಆಗುವುದಿಲ್ಲ ಎಂದು ಬೊಂಬಾಯಿಯ ಏಜೆಂಟ್ ಹೇಳಿಬಿಟ್ಟ. ಆಗಲೇ ವೀಸಾದ ಅವಧಿ ಮುಗಿಯುತ್ತಾ ಬಂದಿತ್ತು.

ಕಫೀಲ್‌ನ ಮುಂದೆ ಹೋಗಿ ನಿಂತೆವು. ನನ್ನ ಹರಕುಮುರುಕು ಅರಬ್ಬಿಯಲ್ಲಿ ವಿಷಯ ಹೇಳಿದೆ. ಆತ ಹಮೀದಾಕರನ್ನೇ ದಿಟ್ಟಿಸಿ, "ಅವತ್ತು ಇಬ್ಬರೇ ಎಂದೆಯಲ್ಲ? ಈಗ ಇವಳು ಯಾರ ಮಗಳು?" ಎಂದ.

ನಾನು ಕನ್ನಡದಲ್ಲಿ ಹೇಳುವ ಮೊದಲೇ ಅವರಿಗೆ ಅರ್ಥವಾಗಿತ್ತು. ಮುಖ ಬೆವರಿ ಒದ್ದೆಯಾಯಿತು. ಸುಳ್ಳುಗಾರರೆಂದು ಇಬ್ಬರನ್ನೂ ಓಡಿಸಿಬಿಟ್ಟರೆ ಎಂದು ನಾನು ಹೆದರಿದೆ.

"ನನ್ನ ಮಗಳು. ನನ್ನದೇ. ಕಣ್ಣು ಬೀಳ್ತದೆ ಅಂತ ಹೇಳ್ಲಿಲ್ಲ. ಹಾಗಂತ ಹೇಳು ಮಾರಾಯ, ಬೇಗ ಹೇಳು!" ಎಂದು ನನ್ನ ತೋಳು ಹಿಡಿದರು.

ಕಣ್ಣಿನ ಮಾತು ಕೇಳಿ ಕಫೀಲ್ ಮೆತ್ತಗಾದ. ಆ ಹೆದರಿಕೆ ಅವನ ಮನೆಯಲ್ಲೂ ಇತ್ತು. ಆದರೆ ವೀಸಾ ಕಚೇರಿಗೆ ಅದು ತಿಳಿಯಬೇಕಲ್ಲ! ಹೆಸರು ಸೇರಿಸಲಾಗದು, ಅವಳಿಗೆ ಬೇರೆಯೇ ಅರ್ಜಿ ಹಾಕಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ, ಉಳಿದವರು ಮೊದಲು ಬರಲಿ ಎಂದು ಕಚೇರಿಯವರು ಹೇಳಿದರು. ಹಮೀದಾಕ ಊರಿಗೆ ಫೋನ್ ಮಾಡಿ ಬೂತಿನಿಂದ ಹೊರಬಂದು, "ಮಗಳನ್ನು ಬಿಟ್ಟು ಬರುದಿಲ್ಲ ಅಂತಾಳೆ ಹೆಂಡತಿ. ಅವಳು ಹೇಳುದು ಸರಿ ಅಲ್ವಾ?" ಎಂದರು.

ಸರಿಯೇ. ವೀಸಾದ ಅವಧಿ ಮುಗಿಯಿತು. ಹಮೀದಾಕ ಇಂಜಿನ್ನಿಗೆ ಬೈಯುವುದನ್ನೂ ನಿಲ್ಲಿಸಿಬಿಟ್ಟರು. ಹೊಸ ಅರ್ಜಿಗೆ ಕಾಯದೆ, ಕೆಲಸ ಬಿಟ್ಟು ಊರಿಗೆ ಹೊರಟರು. ಕಳಿಸಲು ಹೋದ ನನ್ನ ಕೈಯನ್ನು ದಹರಾನ್ ವಿಮಾನ ನಿಲ್ದಾಣದಲ್ಲಿ ಬಹಳ ಹೊತ್ತು ಬಿಡಲಿಲ್ಲ.

"ಊರಿಗೆ ಬಂದಾಗ ಮನೆಗೆ ಬಾ. ಆದ್ರೆ ಮೈಮೂನಾಳ ಎದುರು ಈ ವಿಷಯ ಮಾತ್ರ ತೆಗೀಬೇಡ. ಅಪ್ಪ ನನ್ನೊಬ್ಬಳನ್ನೇ ಬಿಟ್ಟು ಹೆಸರು ಕೊಟ್ರು ಅಂತ ಅವಳಿಗೆ ಯಾವತ್ತೂ ಗೊತ್ತಾಗ್ಬಾರ್ದು."

ಆಮೇಲೆ ಎಷ್ಟೋ ಸಲ ರಜೆಯಲ್ಲಿ ಊರಿಗೆ ಹೋದೆ. ಉಳ್ಳಾಲ ದೂರವೇನಲ್ಲ. ಆದರೂ ಅವರ ಮನೆಗೆ ಹೋಗಲೇ ಇಲ್ಲ. ನನ್ನ ಬಾಯಿ ಎಂಥದ್ದೆಂದು ನನಗೆ ಗೊತ್ತು.