ತಣ್ಣೀರು ಸುರಿದರೆ ಕುದಿಯುವ ನೀರು

ಹೆಣ್ಣು ನೋಡಲು ಬಂದವರ ಎದುರಿಗೆ ಹುಡುಗಿ ಹಾಡಬಹುದು. ಕಸೂತಿ ತೋರಿಸಬಹುದು. ಬಾಗಿ ನಮಸ್ಕಾರವನ್ನಂತೂ ಮಾಡಲೇಬೇಕು. ಆದರೆ ನೀರು ಕುದಿಸಿ ತೋರಿಸಿದ ಹುಡುಗಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ನಾನು ಕಂಡೆ. ಹೋದ ವಾರ, ಗಡಹಿಂಗ್ಲಜದ ನಮ್ಮ ಅಣ್ಣನ ಮನೆಯಲ್ಲಿ. ಕುದಿಸಿದವಳು ಅಣ್ಣನ ಮಗಳು ಸುಶೀಲಾ. ಕೊಲ್ಲಾಪುರದಲ್ಲಿ ನನ್ನ ಮನೆಯಲ್ಲಿದ್ದುಕೊಂಡು ಕಾಲೇಜಿನಲ್ಲಿ ಸಾಯನ್ಸ್ ಓದುತ್ತಾಳೆ. (ಹೀಗಾಗಿ ಅವಳು ಒಳ್ಳೆಯದು ಮಾಡಿದರೆ ಅಪ್ಪನ ಮಗಳು, ಕೆಟ್ಟದ್ದು ಮಾಡಿದರೆ ಕಾಕಾ ಕಲಿಸಿದ್ದು.)

ಬಂದವರು ಇಚಲಕರಂಜಿಯ ಶಹಾಪುರದವರು. ನಮ್ಮಂತೆಯೇ ಜೈನರು. ಮಗ್ಗಗಳಿವೆ, ನೂಲಿಗೆ ಗಂಜಿ ಹಾಕುವ ಸಣ್ಣ ಕಾರ್ಖಾನೆಯಿದೆ. ಹುಡುಗ ಶಾಂತಿನಾಥ, ಅವನ ತಂದೆ ಭೀಮಣ್ಣ, ಭೀಮಣ್ಣನ ತಾಯಿ ಚಂಪವ್ವ. ಎಲ್ಲರೂ ಆಕೆಯನ್ನು ‘ಆಯಿ’ ಎನ್ನುತ್ತಾರೆ. ಆಯಿಯದು ಕಟ್ಟುನಿಟ್ಟಿನ ವ್ರತ. ಸೋಸಿ, ಕಾಸಿ, ಆರಿಸಿದ ನೀರಲ್ಲದೆ ಬೇರೆ ನೀರು ಮುಟ್ಟುವುದಿಲ್ಲ.

ಅವಲಕ್ಕಿ ಆಯಿತು (ಉಳ್ಳಾಗಡ್ಡಿ ಇಲ್ಲದ್ದು). ಚಹಾ ಆಯಿತು. ಹೆಸರು ಕೇಳಿದ್ದಾಯಿತು. ಆ ಹೆಸರು ಎಲ್ಲರಿಗೂ ಮೊದಲೇ ಗೊತ್ತಿತ್ತು, ಆ ಮಾತು ಬೇರೆ. ಆಮೇಲೆ ಆಯಿ ಕೇಳಿದಳು:

“ನೀರು ಕಾಸಾಕ ಬರತೈತೇನ ತಂಗಿ?”

ಇದೇನು ಪ್ರಶ್ನೆ ಎಂದು ನೀವು ನಗಬಹುದು. ಆದರೆ ಸೊಸೆಯಾಗಿ ಬರುವವಳು ದಿನವೂ ಮಾಡಬೇಕಾದ ಮೊದಲ ಕೆಲಸವೇ ಅದು. ಆಯಿ ಮನಸ್ಸಿಟ್ಟೇ ಕೇಳಿದ್ದಳು. “ಬರತೈತ್ರಿ” ಎಂದು ಸುಶೀಲಾ ತಲೆ ತಗ್ಗಿಸಿದ್ದರೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಅವಳು ಅಷ್ಟಕ್ಕೇ ನಿಲ್ಲಲಿಲ್ಲ:

“ಬರತೈತ್ರಿ ಆಯಿ. ತಣ್ಣೀರು ಸುರದೂ ಕುದಸ್ತೇನ್ರಿ.”

ಅಣ್ಣ ನನ್ನ ಕಡೆ ನೋಡಿದ. ನಾನು ಮಾಡಿನ ತೊಲೆ ನೋಡಿದೆ.

“ತಣ್ಣೀರು ಸುರದ? ಚಾಷ್ಟಿ ಮಾಡತೀ ಏನ?” ಎಂದಳು ಆಯಿ.

“ಇಲ್ರಿ. ನೋಡತೀರೇನು?”

ಆಯಿ ಕಾಲು ಮಡಚಿ ಕುಳಿತಳು. “ತೋರಸು ನೋಡೂಣು.”

ಸುಶೀಲಾ ಒಳಗೆ ಹೋಗಿ ಸ್ಟೋವ್ ತಂದಳು. ಜೊತೆಗೆ ದುಂಡು ಹೊಟ್ಟೆಯ ಗಾಜಿನ ಫ್ಲಾಸ್ಕು. ಕೊಲ್ಲಾಪುರದಲ್ಲಿ ನನ್ನ ಬೆನ್ನು ಬಿದ್ದು ಕೊಡಿಸಿಕೊಂಡು, ಇಲ್ಲಿಗೂ ಹೊತ್ತು ತಂದದ್ದು. ಯುದ್ಧದ ದೆಸೆಯಿಂದ ಸೀಮೆಎಣ್ಣೆ ಕಣ್ಣಿಗೆ ಕಾಣದ ಈ ದಿನಗಳಲ್ಲಿ ಬೀಗರಾಗುವವರ ಎದುರಿಗೆ ಸ್ಟೋವ್ ಭರ್‍ರೆನ್ನುವುದನ್ನು ನೋಡಿ ಅಣ್ಣನ ಮುಖ ಹೇಗಾಯಿತೆಂದು ಬರೆಯಲಾರೆ. ನಾನು ಇನ್ನೂ ಆ ಮನೆಗೆ ಹೋಗಬೇಕಾದವನು.

ಫ್ಲಾಸ್ಕಿನಲ್ಲಿ ಅರ್ಧದವರೆಗೆ ತುಂಬಿದ ನೀರು ಕುದಿಯಿತು. ಬಾಯಿಂದ ಉಗಿ ರಭಸವಾಗಿ ಹೊರಬಿತ್ತು. ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಬಟ್ಟೆ ಹಿಡಿದು ಇಳಿಸಿ, ರಬ್ಬರಿನ ಬಿರಡೆಯನ್ನು ಬಿಗಿಯಾಗಿ ತುರುಕಿದಳು. ಕುದಿ ನಿಂತಿತು. ಫ್ಲಾಸ್ಕನ್ನು ತಲೆಕೆಳಗು ಹಿಡಿದು, ಅದರ ಹೊಟ್ಟೆಯ ಮೇಲೆ ಬಾವಿಯ ತಣ್ಣೀರನ್ನು ತಂಬಿಗೆಯಿಂದ ಸುರಿದಳು.

ಒಳಗಿನ ನೀರು ಗುಳುಗುಳು ಕುದಿಯತೊಡಗಿತು!

ಸುರಿಯುವುದನ್ನು ನಿಲ್ಲಿಸಿದಳು, ಕುದಿಯೂ ನಿಂತಿತು. ಮತ್ತೆ ಸುರಿದಳು, ಮತ್ತೆ ಕುದಿಯಿತು. ಆಯಿ ಎದ್ದು ಬಂದು ಫ್ಲಾಸ್ಕಿಗೆ ಕೈ ಹಚ್ಚಿದಳು.

“ಅಯ್ಯ ನನ್ನವ್ವಾ! ಜಳಕದ ನೀರಿನಷ್ಟ ಬೆಚ್ಚಗೈತಿ. ಹೆಂಗ ಕುದೀತ ಇದು?”

“ಎಲ್ಲಾ ನೀರೂ ಉಗಿ ಆಗಿ ಮ್ಯಾಲ ಏಳಾಕ ನೋಡತೈತ್ರಿ ಆಯಿ. ಬಿಸಿ ಇದ್ದಷ್ಟು ಜೋರ ಒತ್ತತೈತಿ. ಆದರ ಹೊರಗಿನ ಹವಾ ಮ್ಯಾಲಿಂದ ಅದುಮಿ ಹಿಡದಿರತೈತಿ. ಅದರ ಜೋಡಿ ಜಿದ್ದಿಗೆ ಬಿದ್ದು ಗೆದ್ದರ, ಕುದೀತು ಅಂತೇವಿ. ಇದರಾಗಿನ ಹವಾ ಆಗಳೇ ಉಗಿ ಜೋಡಿ ಹೊರಗ ಹೋತು. ಈಗ ಬರೇ ಉಗಿನ ಅದುಮಿ ಹಿಡದೈತಿ. ತಣ್ಣೀರು ಬಿತ್ತಂದ್ರ ಆ ಉಗಿ ಕರಗಿ ಹನಿ ಆಗತೈತಿ. ಅದುಮಾವ್ರ ಇಲ್ಲಂದ ಮ್ಯಾಲ ಬೆಚ್ಚಗಿನ ನೀರೂ ಏಳತೈತ್ರಿ.”

(ಅತ್ತೆಯ ಅಂಕೆ ಸಡಿಲಾದರೆ ಮೆತ್ತಗಿನ ಸೊಸೆಯೂ ಏಳುತ್ತಾಳೆ ಎಂದು ನಾನು ಸೇರಿಸಬೇಕೆಂದಿದ್ದೆ. ಸೇರಿಸಲಿಲ್ಲ.)

ಅಲ್ಲಿಯವರೆಗೆ ಗೋಡೆಗೆ ಒರಗಿ ಮೂಕನಂತೆ ಕುಳಿತಿದ್ದ ಹುಡುಗ ಮುಂದೆ ಸರಿದ.

“ನಮ್ಮ ಕಾರಖಾನ್ಯಾಗ ಬಾಯ್ಲರ್ ಐತ್ರಿ. ಅದರ ಒತ್ತಡ ತೋರಸೂ ಮುಳ್ಳು, ಆ ಕಾಟಾ, ಮೊದಲ ಆಮಿಯಂಗ ಏರತೈತಿ. ಆಮ್ಯಾಲ ಒಮ್ಮೆಲೇ ಜಿಗೀತೈತಿ. ಬೆಂಕಿ ಮಾತ್ರ ಮೊದಲಿನಷ್ಟ ಇರತೈತಿ. ಯಾಕ್ರಿ?”

“ಒತ್ತಡ ಬಿಸಿಯ ಹಿಂದ ಸರಳ ಗೆರಿ ಹಿಡದ ಹೋಗಂಗಿಲ್ರಿ” ಎನ್ನುತ್ತ ಸುಶೀಲಾ ಒದ್ದೆ ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದಳು. ಮೊದಲು ಮಲಗಿದ್ದ ಗೆರೆ ಬರಬರುತ್ತ ಎದ್ದು ನಿಂತಿತು. “ಐವತ್ತು ಡಿಗ್ರಿಗೆ ಇರೂ ಒತ್ತಡ ನೂರು ಡಿಗ್ರಿ ಒತ್ತಡದ ಅರ್ಧ ಅಲ್ಲ, ಎಂಟರಾಗ ಒಂದ ಪಾಲು. ನೂರರ ಮ್ಯಾಲ ಇಪ್ಪತ್ತ ಏರಿದ್ರ ಸಾಕು, ದುಪ್ಪಟ್ಟು.”

“ಹಂಗಾರ ಕಾಟಾ ಜಿಗದ ಮ್ಯಾಲ ಬೆಂಕಿ ಕಡಿಮಿ ಮಾಡೂದಲ್ಲ, ಜಿಗಿಯೂ ಮೊದಲ ಮಾಡಬೇಕು!”

“ಹೌದ್ರಿ!”

ಇಬ್ಬರೂ ಆ ಗೆರೆಯ ಮೇಲೆ ಬಾಗಿ ಮಾತಾಡತೊಡಗಿದರು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗ ಹುಡುಗಿ ನಿಜವಾಗಿಯೂ ಮಾತಾಡಿದರೆ ಹಿರಿಯರು ಏನು ಮಾಡಬೇಕು? ಯಾರಿಗೂ ತಿಳಿಯಲಿಲ್ಲ. ಅಣ್ಣ ಕೆಮ್ಮಿದ. ಭೀಮಣ್ಣನೂ ಕೆಮ್ಮಿದರು. ಅಷ್ಟರಲ್ಲಿ ಆಯಿ ಕೇಳಿದಳು:

“ಅಂದ್ರ ಒಲಿ ಹಚ್ಚದನೂ ನೀರು ಕುದಸಾಕ ಬರತೈತಿ?”

“ಬರತೈತ್ರಿ. ನಮ್ಮ ಕಾಲೇಜಿನ್ಯಾಗ ಪಂಪ್ ಹಚ್ಚಿ ಗಾಜಿನ ಬುರುಡ್ಯಾಗಿನ ಹವಾ ಜಗ್ಗತಾರು. ತಣ್ಣಗಿನ ನೀರೂ ಕುದೀತೈತಿ.”

ಭೀಮಣ್ಣನ ಮುಖ ಅರಳಿತು. ಕಟ್ಟಿಗೆಗೂ ತತ್ವಾರದ ಕಾಲ. “ಅರೇ ವ್ಹಾ! ಅಂಥಾದೊಂದು ಪಂಪ್ ಮನ್ಯಾಗ ಇಟ್ಟರ ಕಟ್ಟಿಗಿ ಚಿಂತಿನ ಇಲ್ಲ. ಅವ್ವನ ನೀರು ಕುದ್ದಂಗೂ ಆತು!”

ನಾನು ಸುಶೀಲಾಳಿಗೆ ಕಣ್ಸನ್ನೆ ಮಾಡಿದೆ. ಹೂಂ ಅನ್ನು ಮಗಳೇ! ಬೀಗರು ತಾವಾಗಿಯೇ ಒಲಿಯುತ್ತಿದ್ದಾರೆ. ಒಂದು ‘ಹೂಂ’ ಸಾಕು.

“ಅದು ನಡೆಯಂಗಿಲ್ರಿ” ಎಂದಳು.

ಅರಳಿದ ಮುಖ ಹಾಗೇ ನಿಂತಿತು.

“ಆಯಿ, ನೀರು ಶುದ್ಧ ಆಗೂದು ಬಿಸಿಯಿಂದರಿ, ಗುಳುಗುಳು ಸಪ್ಪಳದಿಂದ ಅಲ್ಲ. ಈ ಫ್ಲಾಸ್ಕಿನ್ಯಾಗಿಂದು ಮೊದಲ ಒಲಿ ಮ್ಯಾಲ ಕಾದೈತಿ. ಪಂಪಿನ್ಯಾಗ ಕುದ್ದದ್ದು ಕಾದೇ ಇಲ್ಲ. ನೀವು ಅದನ್ನ ಕುಡೀಬ್ಯಾಡ್ರಿ.”

ಭೀಮಣ್ಣ ರುಮಾಲು ಸರಿಮಾಡಿಕೊಂಡರು. “ಮುಲಗೀ ಹುಶಾರ್ ಆಹೇ” ಎಂದರು ಮರಾಠಿಯಲ್ಲಿ. ಹುಡುಗಿ ಜಾಣೆ ಎಂದರ್ಥ. ಕನ್ನಡದಲ್ಲಿ ಮಾತಾಡುತ್ತಿದ್ದ ಬೀಗರು ಮರಾಠಿಗೆ ಹಾರಿದರೆಂದರೆ ಅದು ಹೊಗಳಿಕೆಯಲ್ಲ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕೆ? “ತಿಳಸ್ತೇವ್ರಿ” ಎಂದು ಎದ್ದರು. ಆಯಿ ಅವರ ಹಿಂದೆ ನಡೆದಳು.

ಅಣ್ಣ ಆ ದಿನ ನನ್ನೊಡನೆ ಊಟಕ್ಕೆ ಕೂಡಲಿಲ್ಲ. ಸುಶೀಲಾ ಬಸ್ಸಿನಲ್ಲಿ ಕೊಲ್ಲಾಪುರದವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದಳು. “ಹೂಂ ಅಂದಿದ್ದರ ಏನ ಹೋಗತಿತ್ತು ನಿಂದು?” ಎಂದೆ. “ಮುದಕಿ ಜೀವ ಹೋಗತಿತ್ತು ಕಾಕಾ” ಎಂದಳು. ಅಷ್ಟೇ. ಕಣ್ಣು ಒದ್ದೆಯಾಗಿದ್ದವು. ಹುಡುಗ ಅವಳ ಮನಸ್ಸಿಗೆ ಬಂದಿದ್ದಾನೆಂದು ನನಗೆ ಆಗ ತಿಳಿಯಿತು.

ಮೊನ್ನೆ ನಮ್ಮ ಮನೆಯ ಬಾಗಿಲು ಸಪ್ಪಳವಾಯಿತು. ನೋಡಿದರೆ ಆಯಿ! ಕೊಲ್ಲಾಪುರದ ಬಸದಿಗೆ ಬಂದವಳು ಮೊಮ್ಮಗನನ್ನು ಕರೆದುಕೊಂಡು ನೆಟ್ಟಗೆ ಇಲ್ಲಿಗೇ ಬಂದಿದ್ದಳು. ಸುಶೀಲಾಳನ್ನು ಎದುರಿಗೆ ಕೂಡಿಸಿಕೊಂಡಳು.

“ಮಂದಿ ನನ್ನ ವ್ರತಕ್ಕ ಕೈ ಮುಗೀತಾರು, ಹಿಂದಿನಿಂದ ನಗತಾರು. ನೀ ಒಬ್ಬಾಕಿ ಅದನ್ನ ಕಾದಿ. ಹೇಳು, ನಮ್ಮ ಹುಡುಗ ನಿನಗ ಒಪ್ಪಿಗಿ ಏನು?”

ಇಷ್ಟು ದಿನ ನಾವೆಲ್ಲ ಅವಳ ಎತ್ತರ, ಬಣ್ಣ, ಜಾತಕ ಎಲ್ಲವನ್ನೂ ವಿಚಾರಿಸಿದ್ದೆವು. ಇದನ್ನು ಕೇಳಿದವರು ಯಾರೂ ಇರಲಿಲ್ಲ, ಸಾಯನ್ಸ್ ಓದಿಸುತ್ತೇನೆಂದು ಬೀಗುವ ಈ ಕಾಕಾ ಕೂಡ.

“ಒಪ್ಪಿಗಿ ಐತ್ರಿ. ಆದರ ಬಿ.ಎಸ್ಸಿ. ಮುಗದ ಮ್ಯಾಲ.”

ಆಯಿ ಮೊಮ್ಮಗನ ಕಡೆ ತಿರುಗಿದಳು. ಅವನು, “ಮುಗೀಲಿ, ನಾ ಕಾಯತೇನಿ” ಎಂದ. ಆಯಿ ಸಕ್ಕರೆ ತರಿಸಿ ಇಬ್ಬರ ಬಾಯಿಗೂ ಹಾಕಿದಳು.

ಹೀಗೆ ಮದುವೆ ಗಟ್ಟಿಯಾಯಿತು. ಎರಡೂ ಮನೆಯ ಗಂಡಸರು ಮಾತ್ರ, ಈ ಸಂಬಂಧ ಕೂಡಿಸಬೇಕೋ ಬೇಡವೋ ಎಂದು ಇನ್ನೂ ಗಂಭೀರವಾಗಿ ವಿಚಾರ ಮಾಡುತ್ತಿದ್ದಾರಂತೆ!