ಶ್ರುತಪಂಚಮಿಯ ಪೂಜೆಯಲ್ಲಿ ಸಿಕ್ಕ ಪಾದ್ರಿಯ ಪುಸ್ತಕಗಳು

ಎರಡನೆಯ ಮಹಾಯುದ್ಧ ಜೋರಾಗಿದ್ದ 1942ರ ಮಾತು. ಆಗ ಸಂಕೇಶ್ವರದಲ್ಲಿ ನಮ್ಮಂಥ ಕ್ರೈಸ್ತರ ಮನೆಗಳು ನಾಲ್ಕೈದು ಇದ್ದರೆ ಹೆಚ್ಚು. ಅಪ್ಪ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡುತ್ತಿದ್ದ. ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ನನಗೆ ಮಿರಜದ ದವಾಖಾನೆಯಲ್ಲಿ ನರ್ಸ್ ಕಲಿಯಲು ಜಾಗ ಸಿಕ್ಕಿತ್ತು. ಸೋಮವಾರದೊಳಗೆ ಹೋಗಿ ಸೇರಬೇಕಿತ್ತು. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅಷ್ಟರಲ್ಲಿ ಅಪ್ಪ ಹುಕ್ಕೇರಿಗೆ ಕೆಲಸಕ್ಕೆ ಹೋದವನು ಊರೂರು ತಿರುಗುವ ಬೋಧಕರೊಬ್ಬರ ಮಾತು ಕೇಳಿ ಬಂದ. ಇದೇ ಕಡೆಯ ಯುದ್ಧ, ವರ್ಷ ತುಂಬುವುದರೊಳಗೆ ಯೇಸುಸ್ವಾಮಿ ಬರುತ್ತಾನೆ, ಲೋಕ ಮುಗಿಯುತ್ತದೆ ಎಂದಿದ್ದರಂತೆ ಅವರು.

"ಮೂರ ವರ್ಷದ ಕಲಿಕಿ ಇನ್ಯಾಕವಾ? ಸ್ವಾಮಿ ಬಂದಾಗ ಅಪ್ಪ ಮಗಳು ಒಂದ ಕಡೆ ಇರೋಣು," ಎಂದ ಅಪ್ಪ.

ನಾನು ಅತ್ತು ಕರೆದೆ, ಸಿಟ್ಟು ಮಾಡಿದೆ, ಎರಡು ಹೊತ್ತು ಊಟ ಬಿಟ್ಟೆ. ಅಪ್ಪ ಜಪ್ಪಯ್ಯ ಎನ್ನಲಿಲ್ಲ. ಹೆದರಿದ ಮನುಷ್ಯನ ಮುಂದೆ ಹಟ ನಡೆಯುವುದಿಲ್ಲ. ಅವನ ಮಾತು ಸುಳ್ಳು ಎನ್ನಲು ನನಗೂ ಧೈರ್ಯವಿರಲಿಲ್ಲ.

ಶನಿವಾರ ಬಾಜೂ ಮನೆಯ, ನನಗೆ ಚಿಕ್ಕಮ್ಮನಂತಿದ್ದ ಪದ್ಮಾ ಕಾಕು ಕರೆದರು. ಅವರು ಜೈನರು, ಕಿರಾಣಿ ವ್ಯಾಪಾರದ ಮನೆತನ. ಅಂದು ಅವರಿಗೆ ಶ್ರುತಪಂಚಮಿ. ಮನೆಯಲ್ಲಿದ್ದ ಶಾಸ್ತ್ರದ ಪುಸ್ತಕಗಳನ್ನೆಲ್ಲ ಹೊರಗೆ ತೆಗೆದು, ಧೂಳು ಒರೆಸಿ, ಪೂಜೆ ಮಾಡುವ ದಿನ. ಹೋಗಿ ನೋಡುತ್ತೇನೆ, ಮಣೆಯ ಮೇಲೆ ಅವರ ಪುಸ್ತಕಗಳ ಸಾಲಿನಲ್ಲೇ, ಮೇಲೊಂದು ಹೂವು ಇಟ್ಟುಕೊಂಡು, ಶಿಲುಬೆಯ ಗುರುತಿನ ಎರಡು ಪುಸ್ತಕ!

"ಕಾಕೂ, ಇವು ನಮ್ಮವು!" ಎಂದು ಕೂಗಿಯೇಬಿಟ್ಟೆ.

"ಹೌದೇನ? ಊರು ಬಿಟ್ಟು ಹೋದ ಪಾದ್ರಿಯವರ ಕಪಾಟ ನಮ್ಮವರು ಕೊಂಡಿದ್ರಲ್ಲ, ಅದರಾಗ ಬಂದಾವು. ಯಾರದರ ಇರ್ಲಿ, ಶಾಸ್ತ್ರ ಶಾಸ್ತ್ರನ. ಅದಕ್ಕ ಧೂಳ ಹಿಡಸಬಾರದು," ಎಂದರು ಕಾಕು.

ಒಂದು ಕನ್ನಡದ್ದು, ತೆಳ್ಳಗಿತ್ತು. ನಿಂತಲ್ಲೇ ಓದಿದೆ. ಲೋಕಾಂತ್ಯದ ವಿಚಾರವೇ! ಸ್ವಾಮಿ ಮೊದಲು ಬರುತ್ತಾನೆ, ಆಮೇಲೆ ಸಾವಿರ ವರ್ಷ ಆಳುತ್ತಾನೆ ಎಂದಿತ್ತು. ಬೋಧಕರು ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಇನ್ನೊಂದು ದಪ್ಪ ಪುಸ್ತಕ ಮರಾಠಿಯದು. ನನಗೆ ಆ ಲಿಪಿ ಬಾರದು. ಕಾಕುಗೆ ಮರಾಠಿ ನೀರು ಕುಡಿದಷ್ಟು ಸುಲಭ. ಕನ್ನಡಕ ಏರಿಸಿ ಓದಿ ಓದಿ ಹೇಳತೊಡಗಿದರು.

"ಇಲ್ಲಿ ಬ್ಯಾರೇನ ಐತೆಲ್ಲ! ಮೊದಲ ಸಾವಿರ ವರ್ಷ ಲೋಕ ಸುಧಾರಸತೈತಂತ, ಆಮ್ಯಾಲ ಸ್ವಾಮಿ ಬರ್ತಾನಂತ."

ಪುಟ ಮಗುಚಿದರು. "ಯವ್ವಾ, ಇನ್ನೊಬ್ಬಾವ ಬಂದ ನೋಡು! ಸಾವಿರ ಅನ್ನೂದು ಎಣಸೂ ಲೆಕ್ಕನ ಅಲ್ಲಂತ. ಆ ಕಾಲ ಈಗ ನಡದೈತಂತ. ಏ ರೂತಾ, ನಿಮ್ಮವರೂ ನಮ್ಮ ಪಂಡಿತರಗತೆ ಜಗಳ್ಯಾಡತಾರಲ್ಲ!"

ಅವರಿಗೆ ಎಲ್ಲಿಲ್ಲದ ಹುರುಪು. ನನಗಂತೂ ಕುಣಿಯುವಂತಾಗಿತ್ತು. ಭಕ್ತರಲ್ಲೇ ಇಷ್ಟು ಬಗೆಯ ವಿಚಾರ ಉಂಟೆಂದು ನನಗೆ ಯಾರೂ ಹೇಳಿರಲಿಲ್ಲ. ಆ ಮರಾಠಿ ಪುಸ್ತಕ ಬರೆದವರು, ಕನ್ನಡ ಪುಸ್ತಕದ ವಿಚಾರವನ್ನೂ ಸೇರಿಸಿಕೊಂಡು, ಒಬ್ಬರನ್ನೂ ಹಳಿಯದೆ, ಒಬ್ಬೊಬ್ಬರ ವಾದವನ್ನೂ ಮರ್ಯಾದೆಯಿಂದ ಬಿಡಿಸಿಟ್ಟಿದ್ದರು. ಆ ದಿನ ಇಂಥದ್ದೇ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ, ಒಡೆಯ ಬರುವ ತನಕ ಆಳು ತನ್ನ ಕೆಲಸದಲ್ಲಿರಬೇಕು, ಇದಕ್ಕೆ ಮೂರೂ ಕಡೆಯವರು ಒಪ್ಪುತ್ತಾರೆ ಎಂದು ಕೊನೆಗೆ ಬರೆದಿದ್ದರು.

ಆಗ ಕಾಕುವಿನ ಸೊಸೆ ಓಡಿ ಬಂದಳು. "ಅತ್ತೀ, ಹೊತ್ತು ಮುಳುಗೇತ್ರಿ! ನೀವು ಉಣ್ಣಲೇ ಇಲ್ಲಲ್ರಿ!"

ಜೈನರ ನೇಮದಂತೆ ಹೊತ್ತು ಮುಳುಗಿದ ಮೇಲೆ ಕಾಕು ತುತ್ತು ಮುಟ್ಟುವವರಲ್ಲ. ಅಷ್ಟು ವರ್ಷದಲ್ಲಿ ಅವರು ಸಂಜೆಯ ಆ ಊಟ ತಪ್ಪಿಸಿದ್ದನ್ನು ನಾನು ಕಂಡಿರಲಿಲ್ಲ. ನನಗೆ ಅಳುವೇ ಬಂತು. ಅವರು ನಕ್ಕುಬಿಟ್ಟರು. "ಹೋಗ್ಲಿ ಬಿಡು. ನಡಿ, ನಿಮ್ಮ ಅಪ್ಪನ ಕಡೆ ಹೋಗೂಣು," ಎಂದು ಪುಸ್ತಕ ಎತ್ತಿಕೊಂಡೇ ಹೊರಟರು.

ಜೈನರ ಮನೆಯ ಹೆಣ್ಣುಮಗಳು ನಮ್ಮ ಕಟ್ಟೆಯ ಮೇಲೆ ಕೂತು, ಕ್ರೈಸ್ತನಾದ ಅಪ್ಪನಿಗೆ ಯೇಸುಸ್ವಾಮಿ ಬರುವ ಬಗೆಯನ್ನು ಮೂರು ವಿಧದಲ್ಲಿ ಹೇಳಿದರು! ಅಪ್ಪ ಬಿಟ್ಟ ಬಾಯಿ ಬಿಟ್ಟಂತೆ ಕೇಳಿದ.

"ಅಕ್ಕಾರ, ಇದನ್ನ ನೀವು ನಂಬತೀರೇನ್ರಿ?"

"ನಂಬೂದು ನಿಮ್ಮ ಕೆಲಸರಿ ಯೋಹಾನಣ್ಣ. ನಾ ಓದಾಕ ಬಂದೇನಿ. ಇವರಾಗ ಯಾರರ ಒಬ್ಬರು ತಾರೀಖ ಹೇಳ್ಯಾರೇನು, ತೋರಸ್ರಿ ನೋಡೂಣು."

ಅಪ್ಪ ಕೊನೆಯ ಮಾತುಗಳನ್ನು ಮತ್ತೊಮ್ಮೆ ಓದಿಸಿದ. ಆಮೇಲೆ ನನ್ನ ಕಡೆ ತಿರುಗಿ, "ನನಗ ಆ ಬೋಧಕರ ಮಾತು ಇನ್ನೂ ಖರೆ ಅನಸತೈತಿ. ಆದ್ರ ಬ್ಯಾನಿ ಬಿದ್ದವರ ಸೇವಾ ಮಾಡಾಕ ಹೊಂಟಾಕಿನ್ನ ಯಾಕ ತಡದಿ ಅಂತ ಸ್ವಾಮಿ ಕೇಳಿದ್ರ ಏನ ಹೇಳ್ಲಿ? ಗಂಟ ಕಟ್ಟವಾ," ಎಂದ.

ಕಾಕುವನ್ನು ತಬ್ಬಿಕೊಂಡು ಕುಣಿದೆ. ಅವರ ಹಸಿವಿನ ನೆನಪೂ ಆಗ ನನಗಿರಲಿಲ್ಲ.

ಗೋಕಾಕ ರೋಡ ಸ್ಟೇಷನ್ನಿನಲ್ಲಿ ರೈಲು ಹತ್ತಿ ಮಿರಜಕ್ಕೆ ಹೋದೆವು. ದವಾಖಾನೆಯ ಗೇಟಿನ ಹತ್ತಿರ ಅಪ್ಪ ಗಂಟನ್ನು ನನ್ನ ಕೈಗೆ ಕೊಟ್ಟು ಮೆಲ್ಲಗೆ ಹೇಳಿದ: "ನಡುವ ಸ್ವಾಮಿ ಬಂದಬಿಟ್ರ ಹೆದರಬ್ಯಾಡ. ಕೆಲಸ ಬಿಟ್ಟು ಓಡಿ ಬರಬ್ಯಾಡ. ನಾನ ನಿನ್ನ ಹುಡಕೊಂಡು ಬರತೇನಿ."

ಅಪ್ಪ ತೀರಿಕೊಂಡು ಬಹಳ ವರ್ಷಗಳಾದವು. ನಾನೂ ನರ್ಸ್ ಕೆಲಸದಿಂದ ನಿವೃತ್ತಳಾಗಿದ್ದೇನೆ. ಮೂರರಲ್ಲಿ ಯಾವುದು ಖರೆಯೋ ನನಗೆ ಇಂದಿಗೂ ತಿಳಿಯದು. ಆ ದಿನ ಬಂದಾಗ ಅಪ್ಪ ನನ್ನನ್ನು ಹುಡುಕಿಕೊಂಡು ಬರುತ್ತಾನೆ ಎಂಬುದರಲ್ಲಿ ಮಾತ್ರ ನನಗೆ ಒಂದಿಷ್ಟೂ ಸಂಶಯವಿಲ್ಲ.