ಗಂಟಿನಲ್ಲಿ ನಿಂತ ಮದ್ದು

ಬೀದಿಯವರೆಲ್ಲ ಆ ದರ್ಜಿಯನ್ನು ಕರೆಯುತ್ತಿದ್ದುದು ಇಂಚುಟೇಪು ಅಂತ. ಮೂವತ್ತು ವರ್ಷದಲ್ಲಿ ಅವನ ಕತ್ತರಿ ಸೀಮೆಸುಣ್ಣದ ಗೆರೆ ಬಿಟ್ಟು ಕೂದಲೆಳೆಯಷ್ಟೂ ಆಚೀಚೆ ಹೋದದ್ದಿಲ್ಲ. ಚೀಟಿಯಲ್ಲಿ ಬರೆದ ಅಳತೆಯೇ ಅವನಿಗೆ ಕೊನೆಯ ಮಾತು. ಗಿರಾಕಿ ಬಾಯಲ್ಲಿ ಏನೇ ಹೇಳಲಿ, ಬರೆಯದಿದ್ದರೆ ಅದು ಅವನು ಕಿವಿಗೇ ಹಾಕಿಕೊಳ್ಳುವ ವಿಷಯವಲ್ಲ. ಗುಂಡಿ ಹಾಕುವುದು, ಅಂಚು ಹೊಲಿಯುವುದು ಹೆಂಡತಿಯ ಪಾಲು. ಮುಂದೆ ಅಂಗಡಿ, ಹಿಂದೆ ಅಡುಗೆಮನೆ, ನಡುವೆ ಒಂದು ಪರದೆ.

ಮೂರು ವರ್ಷದಿಂದ ಅವಳಿಗೆ ಇನ್ನೊಂದು ಕೆಲಸ ಗಂಟುಬಿದ್ದಿತ್ತು: ಗಂಡನ ಬಾಯಿ ಕಾಯುವುದು. ಅವನಿಗೆ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಚುಚ್ಚಿಕೊಂಡರೂ ಸಕ್ಕರೆ ಇಳಿಯಲೊಲ್ಲದು. ಡಾಕ್ಟರು ಡೋಸು ಏರಿಸುತ್ತಾ ಏರಿಸುತ್ತಾ ನಲವತ್ತು ಯೂನಿಟ್ಟಿಗೆ ತಂದಿದ್ದರು. ಮನುಷ್ಯ ಮಾತ್ರ ಒಣಗಿ ಕಡ್ಡಿಯಾಗುತ್ತಿದ್ದ, ಹೊತ್ತುಹೊತ್ತಿಗೂ ಹಸಿವು ಅನ್ನುತ್ತಿದ್ದ. ಕದ್ದು ತಿನ್ನದೆ ಸಕ್ಕರೆ ಹೇಗೆ ಏರೀತು? ಅವಳು ಅವನ ಜೇಬು ತಡಕಿದಳು, ಬೆರಳು ಮೂಸಿದಳು, ಕೊನೆಗೆ ಸಕ್ಕರೆ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಜಡಿದಳು.

"ನಾನು ಕದ್ದು ತಿಂದಿಲ್ಲ ಕಣೇ."

"ಹೌದ್ರೀ, ಗಾಳಿ ಕುಡಿದು ಏರಿದೆ!"

ಸಿಟ್ಟಿನ ಬುಡದಲ್ಲಿದ್ದುದು ಭಯ. ಕಾಲು ಕಳೆದುಕೊಂಡವರನ್ನು, ಕಣ್ಣು ಕಳೆದುಕೊಂಡವರನ್ನು ಅವಳು ಆಸ್ಪತ್ರೆಯ ಬೆಂಚಿನ ಮೇಲೆ ನೋಡಿ ಬಂದಿದ್ದಳು.

ಒಂದು ಬೆಳಿಗ್ಗೆ ಅವನು ಆಸ್ಪತ್ರೆಯಿಂದ ಬಂದವನೇ ಅಂಗಿ ಎತ್ತಿ ತೋರಿಸಿದ. ಹೊಕ್ಕುಳ ಪಕ್ಕ ನಿಂಬೆಹಣ್ಣಿನಷ್ಟು ಗಂಟು. ಮೊದಲ ದಿನ ಆಸ್ಪತ್ರೆಯಲ್ಲಿ ತೋರಿಸಿಕೊಟ್ಟ ಜಾಗಕ್ಕೇ ಮೂರು ವರ್ಷ ಸೂಜಿ ಇಳಿಸಿದ್ದ ಪುಣ್ಯಾತ್ಮ.

"ಹೊಸ ನರ್ಸಮ್ಮ ಹೇಳಿದ್ರು. ಮದ್ದು ಈ ಗಂಟಲ್ಲೇ ಸಿಕ್ಕಿಹಾಕ್ಕೊಂಡಿದೆಯಂತೆ. ಮಾಂಸದ ಒಂದೊಂದು ಕಣಕ್ಕೂ ಸುತ್ತ ಪೊರೆ ಇರುತ್ತಂತೆ ಕಣೇ. ಸಕ್ಕರೆ ದಾಟಿಸೋ ಬಾಗಿಲುಗಳು ಕಣದ ಒಳಗೇ ಅವಿತಿರ್ತವಂತೆ. ಇನ್ಸುಲಿನ್ ಬಂದು ಕರೆದ್ರೇನೇ ಅವು ಪೊರೆಗೆ ಬಂದು ಕೂರೋದು. ನನ್ನ ಮೈಯಲ್ಲಿ ಕರೆಯೋರೇ ಸರಿಯಾಗಿ ತಲುಪಿಲ್ಲ. ರಕ್ತದ ತುಂಬ ಸಕ್ಕರೆ, ಮಾಂಸಕ್ಕೆ ಉಪವಾಸ. ಅದಕ್ಕೇ ಆ ಹಸಿವು."

"ಸೊಗಸಾಗಿ ಹೊಲಿದಿದೀರಿ ಕಥೆ. ಈಗ ತಪ್ಪೆಲ್ಲ ಗಂಟಿನ ತಲೆಗೆ!"

"ಜಾಗ ಬದಲಾಯಿಸಿ, ಡೋಸು ಅರ್ಧ ಮಾಡಿ ಅಂದ್ರು. ಹೊಸ ಜಾಗದಲ್ಲಿ ಮದ್ದು ಪೂರ್ತಿ ರಕ್ತಕ್ಕೆ ಸೇರುತ್ತಂತೆ, ಸಕ್ಕರೆ ಒಮ್ಮೆಲೇ ಇಳಿದೀತಂತೆ. ಆದ್ರೆ ಡಾಕ್ಟರ ಚೀಟೀಲಿ ನಲವತ್ತು ಅಂತ್ಲೇ ಇದೆ."

"ಇದ್ದಷ್ಟು ತಗೊಳ್ರೀ. ಕಮ್ಮಿ ಮಾಡೋ ನೆಪ ಬೇಡ."

ಅವನು ತೊಡೆಗೆ ನಲವತ್ತು ಚುಚ್ಚಿಕೊಂಡ. ಎರಡು ತುತ್ತು ತಿಂದು, ಗಿರಾಕಿಯೊಬ್ಬರ ಕೋಟಿನ ಬಟ್ಟೆ ಹರಡಿಕೊಂಡು ನಿಂತ.

ಗಂಟೆ ಕಳೆದಿರಬೇಕು. ಪರದೆಯಾಚೆಯಿಂದ ಕೂಗಿದ. "ಸಕ್ಕರೆ ಕೊಡೇ. ಬೇಗ."

ಅವಳಿಗೆ ನಗುವೇ ಬಂತು. "ಸಿಕ್ಕಿಬಿದ್ರಲ್ಲ! ಬಾಯಿಬಿಟ್ಟೇ ಕೇಳೋ ಹಾಗಾಯ್ತಾ?"

"ಕೈ ನಡುಗ್ತಿದೆ ಕಣೇ."

"ನಾಟಕ ಸಾಕು ಮಾಡ್ರೀ."

ಕತ್ತರಿಯ ಸದ್ದು ಮಾತ್ರ ಬರುತ್ತಿತ್ತು, ತಾಳ ತಪ್ಪಿದ ಸದ್ದು. ಅವಳು ಪರದೆ ಸರಿಸಿದಳು. ಅವನ ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿತ್ತು. ಕತ್ತರಿ ಗೆರೆ ಬಿಟ್ಟು ಬಟ್ಟೆಯ ನಟ್ಟನಡುವೆ ಸೊಟ್ಟಪಟ್ಟ ಹೋಗುತ್ತಿತ್ತು, ಅವನು ಅದನ್ನು ನೋಡುತ್ತಲೂ ಇರಲಿಲ್ಲ. ಸುಳ್ಳು ಹೇಳಿಯಾನು, ನಾಟಕವನ್ನೂ ಆಡಿಯಾನು, ಆದರೆ ಈ ಗಂಡಸು ಬಟ್ಟೆ ಹಾಳುಮಾಡುವವನಲ್ಲ.

ಓಡಿಹೋಗಿ ಕಪಾಟಿನ ಬೀಗ ತೆಗೆದಳು. ಅವನನ್ನು ಗೋಡೆಗೆ ಒರಗಿಸಿ ಕೂರಿಸಿ, ಸಕ್ಕರೆ ಕದಡಿದ ನೀರನ್ನು ಗುಟುಕುಗುಟುಕಾಗಿ ಕುಡಿಸಿದಳು. "ನುಂಗ್ರೀ, ನಿಮ್ಮ ಕಾಲಿಗೆ ಬೀಳ್ತೀನಿ." ಕಾಲು ಗಂಟೆಯಾದ ಮೇಲೆ ಅವನ ಕಣ್ಣು ಅವಳ ಮುಖದ ಮೇಲೆ ನಿಂತಿತು.

"ನನ್ನ ಬಾಯಿಗಿಷ್ಟು ಮಣ್ಣು ಹಾಕ. ಕೊಡಲ್ಲ ಅಂದುಬಿಟ್ಟೆನಲ್ರೀ," ಅಂದು ಗೊಳೋ ಎಂದು ಅತ್ತಳು.

ಅವನು ಮೇಜಿನ ಕಡೆ ನೋಡಿದ. ಆ ಬಟ್ಟೆ ಇನ್ನು ಕೋಟಾಗುವಂತಿರಲಿಲ್ಲ.

"ಮೂರು ವರ್ಷ ನಾನು ಹೇಳ್ದೆ," ಅಂದ, ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನೀನು ನಂಬಿದ್ದು ಬಟ್ಟೇನ."